ಮರ್ಯಾದಸ್ಥರ ಉಷ್ಣ

ಈಚೆಗೆ ವೈದ್ಯಕೀಯ ಓದು ಮುಗಿಸಿ ಸರ್ಕಾರಿ ಕೆಲಸಕ್ಕೆ ಸೇರಿದ ನನ್ನ ತಂಗಿಯ ಮಗಳು ಒಂದು ದಿನ ಕೇಳಿದಳು: "ದೊಡ್ಡಮ್ಮ, ಸಿಫಿಲಿಸ್‌ಗೆ ನೀವೆಲ್ಲ ಅಷ್ಟೊಂದು ಒದ್ದಾಡ್ತಿದ್ರಂತಲ್ಲ, ಯಾಕೆ? ರಕ್ತ ತೆಗೀಬೇಕು, ಪೆನಿಸಿಲಿನ್ ಚುಚ್ಚಬೇಕು. ಪುಸ್ತಕದಲ್ಲಿ ಅರ್ಧ ಪುಟ."

ಅವಳು ಹೇಳಿದ್ದು ಸರಿ. ಪುಸ್ತಕದಲ್ಲಿ ಅರ್ಧ ಪುಟವೇ. ಆದರೆ ಪುಸ್ತಕದ ರೋಗಿಗೆ ಅತ್ತೆ ಇರುವುದಿಲ್ಲ, ಗಂಡನಿಗೆ ಊರಿನಲ್ಲಿ ಮರ್ಯಾದೆ ಇರುವುದಿಲ್ಲ, ಆ ಗಂಡ ವೈದ್ಯಾಧಿಕಾರಿಯ ಮನೆಗೆ ಮೂಟೆಗಟ್ಟಲೆ ಅವರೆಕಾಯಿ ಕಳಿಸುವುದಿಲ್ಲ. ಈ ಮೂರೂ ಸೇರಿದರೆ ಅರ್ಧ ಪುಟ ಎಷ್ಟು ಉದ್ದವಾಗುತ್ತದೆ ಎಂದು ಅವಳಿಗೂ ಅವಳಂಥವರಿಗೂ ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿ ಇಲ್ಲ. ಆ ಹಾರದ ಹೂವು ಅಂದೇ ಬಾಡಿತು.

ಐವತ್ತರ ದಶಕದ ಕೊನೆಯಲ್ಲಿ ನನ್ನನ್ನು ಚಿಂತಾಮಣಿ ಸೀಮೆಯ ಒಂದು ಆಸ್ಪತ್ರೆಗೆ ಹಾಕಿದರು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಹೆಸರುಗಳನ್ನೂ ಬದಲಾಯಿಸಿದ್ದೇನೆ. ಅವರ ಮೊಮ್ಮಕ್ಕಳು ಈಗಲೂ ಅಲ್ಲೇ ಮರ್ಯಾದೆಯಿಂದ ಬಾಳುತ್ತಿದ್ದಾರೆ. ನಾನು ಹೆಂಗಸರ ವಿಭಾಗಕ್ಕೆ ಬಂದ ಮೊದಲ ಲೇಡಿ ಡಾಕ್ಟರು. ಮೊದಲ ವಾರ ಬಂದವರಲ್ಲಿ ಅರ್ಧದಷ್ಟು ಜನ ಕಾಯಿಲೆ ತೋರಿಸಲು ಬಂದವರಲ್ಲ, ನನ್ನನ್ನು ನೋಡಲು ಬಂದವರು.

ಅಲ್ಲಿಗೆ ಹೋದಮೇಲೆ ನಾನು ಕಲಿತ ಮೊದಲ ವಿಷಯವೆಂದರೆ, ಆ ಸೀಮೆಯಲ್ಲಿ ಸಿಫಿಲಿಸ್ ಎಂಬ ರೋಗವೇ ಇರಲಿಲ್ಲ. ಇದ್ದದ್ದು ಉಷ್ಣ. ಹುಣ್ಣಾದರೆ ಉಷ್ಣ, ಮೈಮೇಲೆ ಕಲೆ ಎದ್ದರೆ ಉಷ್ಣ, ಹೆಂಡತಿಗೆ ಗರ್ಭ ನಿಲ್ಲದಿದ್ದರೆ ಅವಳ ಮೈಯಲ್ಲಿ ಉಷ್ಣ. ವಯಸ್ಸಾದವರು ಮಾತ್ರ ದನಿ ತಗ್ಗಿಸಿ ‘ಪರಂಗಿ ಹುಣ್ಣು’ ಎನ್ನುತ್ತಿದ್ದರು. ತೆಲುಗಿನವರು ‘ಸುಖರೋಗಂ’ ಎನ್ನುತ್ತಿದ್ದರು. ಸುಖ ಗಂಡಸಿನ ಪಾಲಿಗೆ, ರೋಗ ಹೆಂಗಸಿನ ಪಾಲಿಗೆ. ಇಷ್ಟು ಅಚ್ಚುಕಟ್ಟಾದ ಪಾಲುಪಾರಿಕತ್ತನ್ನು ನಾನು ಯಾವ ಕೋರ್ಟಿನಲ್ಲೂ ಕಂಡಿಲ್ಲ.

ಈ ಉಷ್ಣ ಎಲ್ಲಿಂದ ಬಂತು ಎಂದು ಕೇಳಿದರೆ ಗಂಡಸರ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು. ಬಿಸಿಲಿಗೆ ಕಾದ ಬಂಡೆಯ ಮೇಲೆ ಕೂತದ್ದು. ಹುರುಳಿಕಾಳು ಹೆಚ್ಚಾಗಿ ತಿಂದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸಿನಲ್ಲಿ ಇಂಜಿನ್ ಪಕ್ಕ ಕೂತು ಬಂದದ್ದು. ಬಸ್ಸಿನ ಇಂಜಿನ್ನಿಗೆ ಬಂದಷ್ಟು ಕೆಟ್ಟ ಹೆಸರು ನಮ್ಮ ಸೀಮೆಯ ಯಾವ ಹೆಣ್ಣಿಗೂ ಬಂದಿರಲಿಕ್ಕಿಲ್ಲ.

ರೋಗವೂ ಈ ಸುಳ್ಳಿಗೆ ಸಹಕರಿಸುತ್ತಿತ್ತು. ಮೊದಲು ಒಂದು ಹುಣ್ಣು, ನೋವಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಬೇವಿನ ಸೊಪ್ಪು ಅರೆದು ಹಚ್ಚಿದವನಿಗೂ ಎಳನೀರು ಕುಡಿಸಿದವನಿಗೂ ಅದು ಸಮನಾಗಿ ಕೀರ್ತಿ ತಂದುಕೊಡುತ್ತದೆ. ಆಮೇಲೆ ಮೈಮೇಲೆ, ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಕಲೆಗಳು. ಅವೂ ತಾನಾಗಿಯೇ ಹೋಗುತ್ತವೆ. ಮತ್ತೆ ಯಾರಿಗೋ ಕೀರ್ತಿ. ಅಲ್ಲಿಂದಾಚೆಗೆ ರೋಗಾಣು ರಕ್ತದಲ್ಲಿ ಸದ್ದಿಲ್ಲದೆ ಕೂರುತ್ತದೆ. ಗಂಡ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುತ್ತಾನೆ. ಹೆಂಡತಿಯ ಹೊಟ್ಟೆಯಲ್ಲಿ ಮಕ್ಕಳು ಸಾಯುತ್ತಿರುತ್ತವೆ.

ಶಿಡ್ಲಘಟ್ಟದ ಸಂತೆಯಲ್ಲಿ ಇದಕ್ಕೆಂದೇ ಒಬ್ಬ ಪಂಡಿತನಿದ್ದ. ಪಾದರಸ ಬೆರೆಸಿದ ಗುಳಿಗೆ ಕೊಡುತ್ತಿದ್ದ. ಅದನ್ನು ನುಂಗಿದವರ ಒಸಡು ಊದಿ, ಬಾಯಿಂದ ಜೊಲ್ಲು ಸೋರಿ, ಕೊನೆಗೆ ಹಲ್ಲು ಉದುರುತ್ತಿತ್ತು. "ನೋಡ್ದಾ, ಕೆಟ್ಟ ನೀರೆಲ್ಲ ಹೊರಕ್ಕೆ ಹೋಗ್ತಾ ಐತೆ," ಎಂದು ಅವನು ಧೈರ್ಯ ಹೇಳುತ್ತಿದ್ದನಂತೆ. ಹಾಗೆ ಹಲ್ಲು ಕಳೆದುಕೊಂಡ ಒಬ್ಬರನ್ನು ನಾನು ನೋಡಿದೆ. ರೋಗ ಇತ್ತು, ಹಲ್ಲು ಇರಲಿಲ್ಲ, ಪಂಡಿತನ ಮೇಲಿನ ಭಕ್ತಿ ಹಾಗೇ ಇತ್ತು. ನಾನು ಓದುವಾಗ ಆರ್ಸೆನಿಕ್ ಸೂಜಿಮದ್ದಿನ ಕಾಲ ಮುಗಿಯುತ್ತಾ ಬಂದಿತ್ತು. ಅದೂ ಒಂದು ವಿಷವೇ, ಸ್ವಲ್ಪ ಇಂಗ್ಲಿಷ್ ಕಲಿತ ವಿಷ. ಆಮೇಲೆ ಎಣ್ಣೆಯಲ್ಲಿ ಕಲಸಿದ ಪೆನಿಸಿಲಿನ್ ಬಂತು. ಗಟ್ಟಿ ಮದ್ದು, ದಪ್ಪ ಸೂಜಿ, ಸೊಂಟದ ಕೆಳಗೆ ಪ್ರತಿದಿನ ಒಂದರಂತೆ ಹತ್ತಾರು ದಿನ. ನೋವಾಗುತ್ತಿತ್ತು, ಆದರೆ ವಾಸಿಯಾಗುತ್ತಿತ್ತು. ನಮ್ಮ ಕಸುಬಿನಲ್ಲಿ ಇವೆರಡೂ ಒಟ್ಟಿಗೆ ಸಿಗುವುದು ಅಪರೂಪ.

ಆ ಪೆನಿಸಿಲಿನ್ನಿಗೆ ಬೀಗ ಹಾಕಿ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದವರು ನಮ್ಮ ವೈದ್ಯಾಧಿಕಾರಿಗಳು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕೆಟ್ಟವರಲ್ಲ. ವಿಷಮಶೀತ ಜ್ವರವನ್ನು ಬಾಗಿಲಿನಿಂದಲೇ ಗುರುತಿಸುತ್ತಿದ್ದರು. ಆದರೆ ಸೊಂಟದಿಂದ ಕೆಳಗೆ, ಮೊಣಕಾಲಿನಿಂದ ಮೇಲೆ ಮನುಷ್ಯನಿಗೆ ಯಾವ ಅಂಗವೂ ಇಲ್ಲ ಎಂಬುದು ಅವರ ನಂಬಿಕೆ. ಬೆಂಗಳೂರಿನಿಂದ ಗುಹ್ಯರೋಗಗಳ ಬಗ್ಗೆ ಒಂದು ಭಿತ್ತಿಪತ್ರ ಬಂತು. ಜನ ಕಾಣುವ ಕಡೆ ಅಂಟಿಸಬೇಕೆಂದು ಆಜ್ಞೆ. ದೊಡ್ಡ ಡಾಕ್ಟರು ಅದನ್ನು ಉಗ್ರಾಣದ ಬಾಗಿಲಿನ ಒಳಮುಖಕ್ಕೆ ಅಂಟಿಸಿದರು. ಅದನ್ನು ಪ್ರತಿದಿನ ನೋಡುತ್ತಿದ್ದವರು ಫಿನಾಯಿಲ್ ಡಬ್ಬಗಳು ಮತ್ತು ಕಾಂಪೌಂಡರ್ ಖಾದರ್ ಸಾಹೇಬರು.

"ಡಾಕ್ಟ್ರಮ್ಮ, ಈ ಊರಲ್ಲಿ ಈ ಕಾಯಿಲೆ ನನಗೊಬ್ಬನಿಗೇ ಬರಲ್ಲ ನೋಡಿ, ಪೂರಾ ಬಾಯಿಪಾಠ ಆಗೋಗಿದೆ," ಎಂದು ಸಾಹೇಬರು ನಗುತ್ತಿದ್ದರು.

ಅಂಥ ಒಂದು ದಿನ ನಾರಾಯಣಮ್ಮ ಬಂದಳು. ಕೆಂಚಾರ್ಲಹಳ್ಳಿ ಕಡೆಯವಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಬೆರಳುಗಳ ತುದಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಕಪ್ಪಾಗಿತ್ತು. ಮನೆಯಲ್ಲಿ ಹೊಲ, ತೋಟ, ರೇಷ್ಮೆ ಹುಳ ಎಲ್ಲ ಇದ್ದವು. ಮದುವೆಯಾಗಿ ನಾಲ್ಕು ವರ್ಷ. ಮೊದಲ ಗರ್ಭ ಐದನೇ ತಿಂಗಳಿಗೆ ಹೋಯಿತು. ಎರಡನೆಯದು ಏಳಕ್ಕೆ, ಸತ್ತೇ ಹುಟ್ಟಿತು. ಮೂರನೆಯದು ದಿನ ತುಂಬಿ ಹುಟ್ಟಿ, ಮೂಗು ಕಟ್ಟಿಕೊಂಡು, ಅಂಗಾಲಿನ ಚರ್ಮ ಸುಲಿದು, ಒಂದು ತಿಂಗಳು ಅತ್ತು ಹೋಯಿತು. ಇದನ್ನೆಲ್ಲ ಅವಳು ಬೇರೆ ಯಾರದೋ ಸುದ್ದಿಯಂತೆ ಹೇಳಿದಳು.

"ನಮ್ಮತ್ತೆ ಏನಂತಾರೆ ಗೊತ್ತಾ ಡಾಕ್ಟ್ರಮ್ಮ? ನನ್ ಹೊಟ್ಟೆ ಸುಡುಗಾಡಂತೆ," ಎಂದಳು.

ರಕ್ತ ತೆಗೆದೆ. ರಕ್ತಪರೀಕ್ಷೆಗೆ ಬೆಂಗಳೂರಿಗೇ ಕಳಿಸಬೇಕು. ಮೊದಲ ಸೀಸೆ ಬಸ್ಸಿನ ಮೇಲೆ ಕುಂಬಳಕಾಯಿಗಳ ನಡುವೆ ಪ್ರಯಾಣ ಮಾಡಿ ಒಡೆದುಹೋಯಿತು. ಎರಡನೆಯದನ್ನು ಖಾದರ್ ಸಾಹೇಬರು ತಮ್ಮ ಸಂಬಂಧಿಕರ ಮದುವೆಗೆ ಹೊರಟಾಗ ಜೇಬಿನಲ್ಲಿಟ್ಟುಕೊಂಡು ಹೋಗಿ ತಾವೇ ಕೊಟ್ಟು ಬಂದರು. ಉತ್ತರ ನಾನು ಅಂದುಕೊಂಡದ್ದೇ ಆಗಿತ್ತು. ಅವಳಿಗೆ ಸಿಫಿಲಿಸ್.

ಇನ್ನು ಅವಳ ಗಂಡ. ಪಿಳ್ಳೇಗೌಡರು ಆ ಕಡೆ ಹೆಸರಾದ ಮನೆತನದವರು. ರೇಷ್ಮೆಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಿದ್ದರು. ಕೆಲವು ಸಲ ಗೂಡು ಮಾರಿ ಮುಗಿದರೂ ಊರಿಗೆ ಬರುವುದು ತಡವಾಗುತ್ತಿತ್ತು. ದೊಡ್ಡ ಡಾಕ್ಟರಿಗೆ ಆಪ್ತರು. ಆಗಲೇ ಹೇಳಿದ ಅವರೆಕಾಯಿ ಮೂಟೆ ಇವರ ಹೊಲದ್ದೇ.

ನಾನು ದೊಡ್ಡ ಡಾಕ್ಟರ ಬಳಿ ಹೋಗಿ, ಗಂಡ ಹೆಂಡತಿ ಇಬ್ಬರಿಗೂ ಪೆನಿಸಿಲಿನ್ ಬೇಕು ಎಂದೆ.

"ಆ ಹೆಣ್ಣುಮಗಳಿಗೆ ಕೊಡಿ. ಅವರನ್ನ ಯಾಕಮ್ಮ ಎಳೀತೀರಾ? ಅವರು ಸಭ್ಯಸ್ಥರು."

"ಹಾಗಾದ್ರೆ ರೋಗ ಅವಳಿಗೆ ಎಲ್ಲಿಂದ ಬಂತು ಸಾರ್?"

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಉತ್ತರ ಕನ್ನಡಕದಲ್ಲಿ ಇರಲಿಲ್ಲ. "ಇದು ಹೆಣ್ಣುಮಕ್ಕಳು ಮಾತಾಡೋ ವಿಷಯ ಅಲ್ಲ," ಎಂದರು.

"ಹೆಣ್ಣುಮಕ್ಕಳು ಬಸಿರಾಗೋ ವಿಷಯ ಸಾರ್," ಎಂದೆ. ಆ ಮಾತಿನ ಬೆಲೆ ಏನೆಂದು ಆಮೇಲೆ ತಿಳಿಯಿತು. ಆದರೂ ಅಂದು ಅವರು ಬೀಗದ ಕೈ ಬಿಚ್ಚಿದರು, ಹೆಂಡತಿಗೆ ಮಾತ್ರ.

ಹೊಸಬರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಒಬ್ಬರಿಗೆ ಮಾತ್ರ ಔಷಧಿ ಕೊಡುವುದೆಂದರೆ ಸೋರುವ ಮಾಳಿಗೆಯ ಕೆಳಗೆ ನೆಲ ಒರೆಸಿದ ಹಾಗೆ. ಹೆಂಡತಿ ವಾಸಿಯಾಗಿ ಮನೆಗೆ ಹೋದರೆ ಗಂಡ ಮತ್ತೆ ಅದನ್ನೇ ಕೊಡುತ್ತಾನೆ. ಬೇರೇನೂ ಕೊಡದಿದ್ದರೂ ಅದನ್ನು ಮಾತ್ರ ಧಾರಾಳವಾಗಿ ಕೊಡುತ್ತಾನೆ.

ನಾರಾಯಣಮ್ಮನ ಸೂಜಿಮದ್ದು ಶುರುಮಾಡಿ, ಗಂಡನಿಗೆ ಬರಹೇಳಿದೆ. ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಮುಖದ ತುಂಬ ವಿನಯ. ಒಂಟಿಯಾಗಿ ಮಾತಾಡಬೇಕು ಎಂದೆ. "ನಮ್ಮಮ್ಮನಿಗೆ ಗೊತ್ತಿಲ್ದೇ ಇರೋ ವಿಷಯ ನಮ್ಮನೇಲಿ ಯಾವ್ದೂ ಇಲ್ಲ ಡಾಕ್ಟ್ರಮ್ಮ," ಎಂದು ಅವರೇ ಹೊರಗೆ ಕೂತಿದ್ದ ತಾಯಿಯನ್ನು ಒಳಗೆ ಕರೆದರು. ಮಗನಿಗೆ ಮದುವೆಯಾದಮೇಲೂ ಮನೆಯ ಯಜಮಾನಿಕೆ ಬಿಟ್ಟುಕೊಡದ ಅಕ್ಕಯ್ಯಮ್ಮ ಅವರೇ. ಇನ್ನು ನಾನು ಹೇಳಬೇಕಾದದ್ದನ್ನು ಹೇಳುವಂತಿಲ್ಲ ಎಂಬುದು ಮಗನಿಗೆ ಚೆನ್ನಾಗಿ ಗೊತ್ತಿತ್ತು.

"ಹೇಳಿ, ನಾವೇನ್ ಮಾಡಣ?" ಎಂದು ಪಿಳ್ಳೇಗೌಡರು ದೈನ್ಯದಿಂದ ಎರಡೂ ಕೈ ಚಾಚಿದರು. ಅಂಗೈಗಳ ಮೇಲೆ ತಾಮ್ರದ ಬಣ್ಣದ ಕಲೆಗಳು. ಹಳೆಯ ರೋಗ ಮರುಕಳಿಸಿತ್ತೋ, ಶಿಡ್ಲಘಟ್ಟದಿಂದ ಹೊಸದನ್ನು ತಂದಿದ್ದರೋ, ನನಗೆ ಬೇಕಿರಲಿಲ್ಲ. ಮೈಯಲ್ಲಿ ರೋಗ ಚುರುಕಾಗಿತ್ತು, ಸಂಗ ಮಾಡಿದವರಿಗೆಲ್ಲ ಅಂಟುತ್ತಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು. ಕೈಗಳು ತಟ್ಟನೆ ಮಡಚಿಕೊಂಡು ನಮಸ್ಕಾರವಾದವು. ನಮಸ್ಕಾರಕ್ಕೆ ಇಂಥ ಉಪಯೋಗವೂ ಇದೆ ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ತಾಯಿಯ ಎದುರಿಗೆ ರೋಗದ ಹೆಸರು ಎತ್ತದೆ ವಿಷಯ ಹೇಗೆ ಹೇಳುವುದು? ನಾನು ಬುದ್ಧಿವಂತಿಕೆ ಮಾಡಿದೆ. ಹುಳ ಸಾಕುವವರಿಗೆ ಹುಳದ ಭಾಷೆಯಲ್ಲೇ ಹೇಳಿದರಾಯಿತು ಎಂದುಕೊಂಡೆ.

"ಹುಳಕ್ಕೆ ಗಂಟುರೋಗ ಬರುತ್ತಲ್ಲ ಅಕ್ಕಯ್ಯಮ್ಮ, ಮೊಟ್ಟೆ ಒಳಗಿಂದಾನೇ ಬರುತ್ತೆ ಅಲ್ವಾ?"

"ಹೂನಮ್ಮ. ಚಿಟ್ಟೆಗೆ ರೋಗ ಇದ್ರೆ ಮೊಟ್ಟೇಗೂ ಬತ್ತದೆ. ಅದ್ಕೇ ಸರ್ಕಾರದೋರು ಚಿಟ್ಟೆ ಅರೆದು, ಭೂತಗಾಜಲ್ಲಿ ನೋಡಿ, ರೋಗ ಇದ್ರೆ ಮೊಟ್ಟೆ ಸುಟ್ಟಾಕ್ತಾರೆ."

"ಹಾಗೇನೇ ಇದೂ. ರಕ್ತದಲ್ಲಿ ರೋಗ ಇದೆ. ಅದಕ್ಕೇ ಮಕ್ಕಳು ಉಳೀತಿಲ್ಲ."

ಇಷ್ಟು ಹೇಳಿ, ಇನ್ನು ಗಂಡನ ರಕ್ತಕ್ಕೆ ಬರೋಣ ಎಂದು ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅಕ್ಕಯ್ಯಮ್ಮನ ಮುಖದಲ್ಲಿ ಬೆಳಕು ಮೂಡಿತು.

"ನೋಡ್ದೇನೋ ಪಿಳ್ಳ, ಡಾಕ್ಟ್ರಮ್ಮನೇ ಹೇಳ್ಬುಟ್ರು. ಚಿಟ್ಟೆ ಸರಿಯಿಲ್ಲ. ಚಿಟ್ಟೆ ಬದಲಾಯಿಸ್ಬೇಕು!"

ನಾನು ಬಾಯಿ ತೆರೆಯುವ ಮುಂಚೆಯೇ ತಾಯಿ ಮಗ ಎದ್ದಿದ್ದರು. ರಕ್ತ ಪರೀಕ್ಷೆಗೆ ಕೊಡಿ ಎಂದು ಪಿಳ್ಳೇಗೌಡರನ್ನು ಬಾಗಿಲವರೆಗೆ ಕೂಗಿದೆ. "ಅಯ್ಯೋ, ನಂಗೇನಾಗಿದೆ ಡಾಕ್ಟ್ರಮ್ಮ, ಒಂಚೂರು ಉಷ್ಣ ಅಷ್ಟೆ," ಎಂದು ಮತ್ತೊಮ್ಮೆ ನಮಸ್ಕಾರ ಮಾಡಿ ಹೊರಟರು. ಗಂಡುಚಿಟ್ಟೆಯನ್ನು ಯಾರೂ ಅರೆದು ನೋಡುವುದಿಲ್ಲ ಎಂಬುದನ್ನು ಆ ಉಪಮೆ ತೆಗೆಯುವ ಮುಂಚೆ ನಾನು ಯೋಚಿಸಬೇಕಿತ್ತು.

ವಾರ ಕಳೆಯುವುದರೊಳಗೆ ಸುದ್ದಿ ಬಂತು. ಗೌರಿಬಿದನೂರಿನ ನಗರಗೆರೆ ಕಡೆ ಒಂದು ಹೆಣ್ಣು ನೋಡಿದ್ದಾರೆ, ವೀಳ್ಯಶಾಸ್ತ್ರವೂ ಆಯಿತು. ಎರಡನೇ ಮದುವೆ ಕೂಡದು ಎಂದು ಆ ವೇಳೆಗೆ ಕಾನೂನು ಬಂದಿತ್ತು. ಆದರೆ ದಿಲ್ಲಿಯಿಂದ ಹೊರಟ ಕಾನೂನು ದಾರಿಯಲ್ಲಿ ಎಲ್ಲೋ ಕಾಫಿ ಕುಡಿಯಲು ಇಳಿದದ್ದು ನಮ್ಮ ಊರಿಗೆ ಇನ್ನೂ ಬಂದು ಮುಟ್ಟಿರಲಿಲ್ಲ.

ನಗರಗೆರೆಯ ಆ ಹುಡುಗಿಯನ್ನು ನಾನು ನೋಡಿರಲಿಲ್ಲ, ಅವಳ ಹೆಸರೂ ಗೊತ್ತಿರಲಿಲ್ಲ. ಆದರೆ ಅವಳ ಮುಂದಿನ ವರ್ಷಗಳು ನನಗೆ ಒಂದೊಂದಾಗಿ ಕಾಣುತ್ತಿದ್ದವು: ಐದು ತಿಂಗಳು, ಏಳು ತಿಂಗಳು, ಒಂದು ತಿಂಗಳ ಕೂಸು. ಇತ್ತ ರೋಗಿಯ ಗುಟ್ಟನ್ನು ಯಾರಿಗೂ ಹೇಳಕೂಡದು. ಹೇಳಿದರೆ ನಾಳೆಯಿಂದ ಒಬ್ಬನೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಹೀಗಿರುವಾಗ ಆ ಹುಡುಗಿಯ ತಂದೆಯೇ ಬಂದುಬಿಟ್ಟರು. ಎಲ್ಲವನ್ನೂ ವಿಚಾರಿಸಿ ನೋಡುವ ಜಾತಿಯ ಮನುಷ್ಯ, ತೆಲುಗು ಬೆರೆತ ಮಾತು. ಮೊದಲು ದೊಡ್ಡ ಡಾಕ್ಟರನ್ನು ಕಂಡು, ಹುಡುಗ ಹೇಗೆ ಎಂದು ಕೇಳಿದರು. "ಚಿನ್ನದಂಥ ಮನುಷ್ಯ," ಎಂದು ಅವರು ಅಪ್ಪಣೆ ಕೊಡಿಸಿದರು. ಆಮೇಲೆ ನನ್ನ ಕೋಣೆಗೆ ಬಂದರು.

"ಏಮಮ್ಮಾ, ಮೊದಲ್ನೇ ಹೆಂಡ್ತಿಗೆ ಮಕ್ಕಳು ನಿಲ್ತಿಲ್ಲವಂತೆ. ದೋಷ ಆಕೆದೇ ತಾನೆ?"

"ನನ್ನ ಹತ್ರ ಬರೋ ರೋಗಿಗಳ ವಿಷಯ ನಾನು ಯಾರಿಗೂ ಹೇಳಲ್ಲಪ್ಪ. ಆದ್ರೆ ಮಗಳ ಮದುವೆ ಅಂತ ನನ್ನ ಕೇಳಿದ ಅಪ್ಪಂದಿರಿಗೆಲ್ಲ ಒಂದೇ ಮಾತು ಹೇಳ್ತೀನಿ. ಹುಡುಗನ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಹೆಣ್ಣು ಕೊಡಿ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ರಕ್ತನಾ? ಮೇಮು ಜಾತಕ ಚೂಸಿನಾಮಮ್ಮ, ನೋಡಿದೀವಿ. ಎಲ್ಲಾ ಕೂಟಾನೂ ಕೂಡಿ ಬಂದಿದೆ."

"ಜಾತಕದಲ್ಲಿ ಇದು ಕಾಣಲ್ಲ," ಎಂದೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವಂತಿರಲಿಲ್ಲ.

"ಗಂಡಿನ ರಕ್ತ ಕೇಳಿದ್ರೆ ನಮ್ಮನ್ನ ಮನುಷ್ಯರು ಅಂತಾರಾ?" ಎಂದು ಅವರು ಎದ್ದು ಹೋದರು. ಎತ್ತು ಕೊಳ್ಳುವಾಗ ಅದರ ಬಾಯಿ ಬಿಡಿಸಿ ಹಲ್ಲು ನೋಡುವ, ಬಾಲ ಎತ್ತಿ ನೋಡುವ ಸಂಸಾರಸ್ಥ ಅವರು. ಅಳಿಯನ ವಿಷಯದಲ್ಲಿ ಮಾತ್ರ ಸಂಕೋಚ.

ನಾರಾಯಣಮ್ಮ ದಿನವೂ ಬರುತ್ತಿದ್ದಳು. ಸೂಜಿ ಚುಚ್ಚಿದಮೇಲೆ ಸೊಂಟ ಹಿಡಿದುಕೊಂಡು, ಹಜಾರದ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅವಳ ಕಾಯಿಲೆ ಏನು, ಹೇಗೆ ಬರುತ್ತದೆ, ಇಬ್ಬರೂ ಯಾಕೆ ಔಷಧಿ ತೆಗೆದುಕೊಳ್ಳಬೇಕು ಎಂದು ಅವಳಿಗೆ ಎಲ್ಲ ಹೇಳಿದ್ದೆ. ಅದು ಅವಳ ಮೈ, ಅವಳಿಗೆ ತಿಳಿಯಬೇಕಾದದ್ದೇ. ಒಂದು ದಿನ ಕೇಳಿದಳು:

"ಆ ನಗರಗೆರೆ ಹುಡುಗೀಗೂ ಹಿಂಗೇ ಆಗುತ್ತಾ ಡಾಕ್ಟ್ರಮ್ಮ?"

ನಾನು ಅವಳ ಚೀಟಿಯಲ್ಲಿ ಅಂದಿನ ತಾರೀಖು ಬರೆದೆ. ಅವಳಿಗೆ ಅದೇ ಉತ್ತರವಾಯಿತು.

"ಅವ್ಳು ಬಂದ್ರೆ ನನ್ನ ತೌರಿಗೆ ಕಳಿಸ್ತಾರಂತೆ. ಹೋಗ್ತೀನಿ ಬಿಡಿ. ಆದ್ರೆ ಮಕ್ಳು ಹಂಗೆ ಹೋಗೋದನ್ನ ಇನ್ನೊಬ್ಳು ಯಾಕೆ ನೋಡ್ಬೇಕು?" ಅಷ್ಟು ಹೇಳಿ ಸೆರಗು ಸರಿಮಾಡಿಕೊಂಡು ಹೊರಟಳು. ಸವತಿಯಾಗಿ ಬರುವವಳ ಮೇಲೆ ಅವಳಿಗಿದ್ದ ಕರುಣೆಯಲ್ಲಿ ಕಾಲು ಪಾಲು ಅವಳ ಮೇಲೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವಳ ಕೊನೆಯ ಸೂಜಿಮದ್ದಿನ ದಿನ ತಾಯಿ ಮಗ ಗಾಡಿ ಕಟ್ಟಿಸಿಕೊಂಡು ಆಸ್ಪತ್ರೆಗೇ ಬಂದರು. ಗಾಡಿಯಲ್ಲಿ ನಾರಾಯಣಮ್ಮನ ಟ್ರಂಕು. ಇಲ್ಲಿಂದ ನೇರ ಅವಳನ್ನು ತೌರಿಗೆ ಬಿಟ್ಟು ಬರುವುದು ಯೋಜನೆ. ಪಿಳ್ಳೇಗೌಡರು ಹಜಾರದ ಮೂಲೆಯಲ್ಲಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದರು. ನಾರಾಯಣಮ್ಮ ಹೊರಗೆ ಬಂದು ಟ್ರಂಕು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅವಳು ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತೆ, ಹೋದ್ಸಲ ಹುಳದ ಬೆಳೆಗೆ ರೋಗ ಬಿದ್ದಾಗ ಏನ್ ಮಾಡ್ಸಿದ್ರಿ?"

"ಇದೇನೇ, ಹೊರಡೋ ಹೊತ್ತಲ್ಲಿ?"

"ಹೇಳಿ ಅತ್ತೆ."

"ಏನ್ ಮಾಡ್ಸೋದು, ಹುಳದ ಮನೆ ತೊಳ್ಸಿ, ಸುಣ್ಣ ಹೊಡ್ಸಿ, ತಟ್ಟೆಗಳ್ನೆಲ್ಲ ಬಿಸ್ಲಿಗೆ ಹಾಕ್ಸಿದ್ದೆ."

"ಯಾಕೆ? ಹೆಂಗೂ ಹೊಸಾ ಮೊಟ್ಟೆ ತರ್ಸಿದ್ರಲ್ಲ."

"ಹೊಸಾ ಮೊಟ್ಟೆ ತಂದ್ರೆ ಏನ್ ಬಂತೇ ಪೆದ್ದಿ, ರೋಗದ ತಟ್ಟೇಲೇ ಇಟ್ರೆ ಅದಕ್ಕೂ..."

ಅಕ್ಕಯ್ಯಮ್ಮನ ಮಾತು ಅಲ್ಲಿಗೆ ನಿಂತುಹೋಯಿತು. ಸೊಸೆಯ ಮುಖ ನೋಡಿದರು. ನನ್ನ ಮುಖ ನೋಡಿದರು. ನಾನು ಕಂಬ ನೋಡುತ್ತಿದ್ದೆ. ಆಮೇಲೆ ನಿಧಾನವಾಗಿ ಮಗನ ಕಡೆ ತಿರುಗಿದರು.

"ಪಿಳ್ಳ, ಅಂಗೈ ತೋರ್ಸೋ."

"ಅಮ್ಮ, ಜನ ಇದಾರೆ..."

"ತೋರ್ಸೋ ಅಂದೆ. ಯುಗಾದಿಯಿಂದ ಊಟಕ್ಕೆ ಕುಂತಾಗೆಲ್ಲ ಕೈ ಮುಚ್ಕೊಂಡು ಕುಂತ್ಕೊಂತೀಯ. ನಿಮ್ಮಪ್ಪನ ಕೈ ನೋಡಿದೀನಿ ಕಣೋ ನಾನು."

ಆ ಕೊನೆಯ ಮಾತು ಅವರ ಬಾಯಿಂದ ತಾನಾಗಿ ಜಾರಿತು. ಪಿಳ್ಳೇಗೌಡರು ಕೈ ಚಾಚಿದರು. ಅಕ್ಕಯ್ಯಮ್ಮ ಆ ಅಂಗೈಗಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಉಳಿದದ್ದು ಒಬ್ಬನೇ ಮಗ ಎಂದು ಊರಿಗೆಲ್ಲ ಗೊತ್ತಿತ್ತು. ಉಳಿಯದ ಮಕ್ಕಳು ಎಷ್ಟು ಎಂದು ಯಾರೂ ಕೇಳಿರಲಿಲ್ಲ.

"ಡಾಕ್ಟ್ರಮ್ಮ, ಇವ್ನಿಗೂ ಚುಚ್ಚಿ. ದಪ್ಪ ಸೂಜಿನೇ ಹಾಕಿ," ಎಂದರು. ಗಾಡಿಯವನಿಗೆ, "ಟ್ರಂಕು ಇಳಿಸ್ಬೇಡ, ಮನೆಗೇ ಹೋಗಣ," ಎಂದು ಕೂಗಿದರು.

ದೊಡ್ಡ ಡಾಕ್ಟರಿಗೂ ಬೀಗ ತೆಗೆಯದೆ ಬೇರೆ ದಾರಿ ಇರಲಿಲ್ಲ. ಅಕ್ಕಯ್ಯಮ್ಮ ಅವರ ಮೇಜಿನ ಮುಂದೆಯೇ ಕೂತುಬಿಟ್ಟಿದ್ದರು. ರಕ್ತ ತೆಗೆದೆ, ಅಲರ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೊದಲ ಸೂಜಿ ಚುಚ್ಚಿದೆ. ಈ ರೋಗ ಚುರುಕಾಗಿರುವಾಗ ಮೊದಲ ಸೂಜಿಗೆ ರೋಗಾಣುಗಳು ಒಟ್ಟಿಗೇ ಸಾಯುತ್ತವೆ. ಅದಕ್ಕೆ ಚಳಿಜ್ವರ ಬರುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ. ಇದನ್ನು ಮುಂಚೆಯೇ ಹೇಳಿದ್ದೆ. ಹೇಳಿದ್ದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಸಂಜೆಯ ವೇಳೆಗೆ ಪಿಳ್ಳೇಗೌಡರು ಮೂರು ಕಂಬಳಿಯೊಳಗೆ ನಡುಗುತ್ತಾ, ಮೈಮೇಲಿನ ಕಲೆಗಳು ಕೆಂಡದ ಹಾಗೆ ಕೆಂಪಾಗಿ, "ನನ್ನ ಕೊಂದಾಕ್ಬುಟ್ರು" ಎಂದು ಕೂಗುತ್ತಿದ್ದರು. ದೊಡ್ಡ ಡಾಕ್ಟರು ಓಡಿ ಬಂದರು.

"ಊರಿನ ಗಣ್ಯರು ಕಣ್ರೀ! ಹೆಚ್ಚುಕಮ್ಮಿ ಆದ್ರೆ ನಾನು ಏನಂತ ಬರೀಲಿ?"

"ಉಷ್ಣ ಅಂತ ಬರೀರಿ ಸಾರ್," ಎಂದೆ.

ಖಾದರ್ ಸಾಹೇಬರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಮರುದಿನ ಬೆಳಗ್ಗೆ ಜ್ವರ ಇಳಿದಿತ್ತು. ಪಿಳ್ಳೇಗೌಡರು ಇಡ್ಲಿ ಕೇಳಿದರು. ಉಳಿದ ಸೂಜಿಗಳಿಗೆ ತಾಯಿ ಪ್ರತಿದಿನ ಜೊತೆಗೆ ಬಂದು, ಚುಚ್ಚಿದ್ದನ್ನು ಕಣ್ಣಾರೆ ನೋಡಿಕೊಂಡು ಹೋದರು. ತಮಗೂ ರಕ್ತ ಪರೀಕ್ಷೆ ಮಾಡಿ ಎಂದು ಕೊನೆಯ ದಿನ ಸದ್ದಿಲ್ಲದೆ ತೋಳು ಚಾಚಿದರು. ಅವರಿಗೂ ಔಷಧಿ ಬೇಕಾಯಿತು. ಕೊಟ್ಟೆ. ಆ ವಿಷಯ ಇಬ್ಬರೂ ಮತ್ತೆ ಎತ್ತಲಿಲ್ಲ.

ಮದುವೆ ಮುರಿಯಿತು. ಆದರೆ ಮರ್ಯಾದಸ್ಥರ ಮನೆಯ ಮದುವೆ ಮುರಿಯಲು ಮರ್ಯಾದಸ್ಥ ಕಾರಣ ಬೇಕಲ್ಲ. ಅಕ್ಕಯ್ಯಮ್ಮ ನಗರಗೆರೆಗೆ ಹೇಳಿಕಳಿಸಿದರು: "ಆಸ್ಪತ್ರೇಲಿ ಒಬ್ಳು ಹಟಮಾರಿ ಡಾಕ್ಟ್ರಮ್ಮ ಬಂದವ್ಳೆ. ಎರಡ್ನೇ ಮದುವೆ ಮಾಡ್ಕೊಂಡ್ರೆ ಪೊಲೀಸ್ನೋರಿಗೆ ಹೇಳಿ ಜೈಲಿಗೆ ಹಾಕಿಸ್ತಾಳಂತೆ." ಎಲ್ಲೋ ಕಾಫಿ ಕುಡಿಯುತ್ತಾ ಕೂತಿದ್ದ ಕಾನೂನನ್ನು ಹೀಗೆ ಅವರೇ ಎಬ್ಬಿಸಿಕೊಂಡು ಬಂದರು. ಹೆಣ್ಣಿನ ಕಡೆಯವರು ದೊಡ್ಡ ಡಾಕ್ಟರ ಬಳಿ ಬಂದು ಕೂಗಾಡಿ ಹೋದರು. ನಾನು ಹಾಗೆ ಹೇಳಲಿಲ್ಲ ಎನ್ನಬಹುದಿತ್ತು. ಹಾಗಾದರೆ ಏನು ಹೇಳಿದೆ ಎಂದು ಕೇಳಿದರೆ? ಆ ಸುಳ್ಳನ್ನು ನಾನೇ ಹೊತ್ತುಕೊಂಡೆ.

ನಾರಾಯಣಮ್ಮ ಮತ್ತೆ ಬಸಿರಾದಳು. ಮತ್ತೊಮ್ಮೆ ರಕ್ತ ನೋಡಿ, ಎಚ್ಚರಿಕೆಗೆ ಇನ್ನೊಂದು ಸರದಿ ಪೆನಿಸಿಲಿನ್ ಕೊಟ್ಟೆ. ಐದನೇ ತಿಂಗಳಿನಲ್ಲಿ ಅವಳು ಮಲಗಲಿಲ್ಲ, ಏಳನೇ ತಿಂಗಳಿನಲ್ಲಿ ನಾನು ಮಲಗಲಿಲ್ಲ. ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಗಟ್ಟಿ ಗಂಟಲು, ನಯವಾದ ಅಂಗಾಲು. ಮಗುವಿನ ಕಾಲು ಹಿಡಿದು ಅಂಗಾಲು ನೋಡಿ ನಾನು ಅತ್ತದ್ದು ಯಾಕೆಂದು ಆ ಕೋಣೆಯಲ್ಲಿ ನಾರಾಯಣಮ್ಮನಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಊರಿನವರ ಪ್ರಕಾರ ಅದು ಮನೆದೇವರ ಹರಕೆಯ ಫಲ. ದೊಡ್ಡ ಡಾಕ್ಟರ ಪ್ರಕಾರ ಅವರು ಬರೆದುಕೊಟ್ಟ ಟಾನಿಕ್ಕಿನ ಫಲ. ಆ ವರ್ಷ ಅವರ ಮನೆಗೆ ಎರಡು ಮೂಟೆ ಅವರೆಕಾಯಿ ಹೋಯಿತು. ನನಗೆ ವರ್ಗಾವಣೆಯ ಆಜ್ಞೆ ಬಂತು: ‘ಸ್ಥಳೀಯ ಗಣ್ಯರೊಡನೆ ಸೌಹಾರ್ದದ ಕೊರತೆ.’

ಹಾಕಿದ್ದು ಗೌರಿಬಿದನೂರಿಗೆ. ಅಲ್ಲೂ ಉಷ್ಣವೇ ಇತ್ತು, ಬಸ್ಸಿನ ಇಂಜಿನ್ನೂ ಇತ್ತು. ಆದರೆ ಅಲ್ಲಿನ ಮೇಲಧಿಕಾರಿ ಒಂದು ವಿಷಯದಲ್ಲಿ ವಾಸಿ. ಅವರಿಗೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಹೀಗಾಗಿ ಬರುವ ಬಸುರಿಯರಿಗೆಲ್ಲ ರಕ್ತ ಪರೀಕ್ಷೆ ಮಾಡುವ ಪದ್ಧತಿಯನ್ನು ನಾನು ಯಾರನ್ನೂ ಕೇಳದೆ ಶುರುಮಾಡಿದೆ.

ಎರಡು ಮೂರು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ತುಂಬು ಬಸುರಿಯೊಬ್ಬಳು ಬಂದಳು. ಹೆಸರು ಪದ್ಮಾವತಿ, ತೌರು ನಗರಗೆರೆ. ಗಂಡ ಪ್ರಾಥಮಿಕ ಶಾಲೆಯ ಮೇಷ್ಟರು. ಹೊರಗೆ ಬೇವಿನ ಮರದ ಕೆಳಗೆ ಚಪ್ಪಲಿ ಬಿಟ್ಟು ನಿಂತಿದ್ದ. ಹಿಂದೊಮ್ಮೆ ಬಂದಾಗ ಅವಳು ಕೊಟ್ಟಿದ್ದ ರಕ್ತದ ಪರೀಕ್ಷೆಯ ಉತ್ತರ ಹಿಂದಿನ ವಾರವೇ ಬಂದಿತ್ತು. ಯಾವ ದೋಷವೂ ಇಲ್ಲ. ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಮಗು ಒಳಗಿನಿಂದ ನನ್ನ ಕೈಗೆ ಒಂದು ಒದೆ ಕೊಟ್ಟಿತು. ಅವಳು ಮಾತಿನ ಮಲ್ಲಿ.

"ನಂಗೆ ಮದುವೆ ಆಗಿ ಇಷ್ಟೊತ್ಗೆ ಎರಡು ಮಕ್ಳಾಗಿರ್ಬೇಕಿತ್ತು ಡಾಕ್ಟ್ರಮ್ಮ. ಚಿಂತಾಮಣಿ ಕಡೆ ದೊಡ್ಡ ಮನೆಗೆ ಗೊತ್ತಾಗಿತ್ತು. ರೇಷ್ಮೆ ಸಂಸಾರ. ಆಳು ಕಾಳು ಎಲ್ಲಾ ಇತ್ತಂತೆ. ಅಲ್ಲಿ ಯಾರೋ ಒಬ್ಳು ಲೇಡಿ ಡಾಕ್ಟ್ರು, ತನ್ಗೆ ಮದುವೆ ಇಲ್ಲ ಅಂತ ಹೊಟ್ಟೆಕಿಚ್ಚಿಗೆ ನನ್ ಮದುವೆನೂ ಮುರಿದಾಕಿದ್ಳು. ನಮ್ಮಪ್ಪ ಹಾಸಿಗೆ ಹಿಡಿದುಬಿಟ್ಟಿದ್ರು. ನಮ್ಮಮ್ಮ ಈಗ್ಲೂ ದೀಪ ಹಚ್ಚುವಾಗ ಅವ್ಳಿಗೆ ಶಾಪ ಹಾಕ್ತಾಳೆ. ನಾನೂ ಹಾಕ್ತೀನಿ. ಈ ಮೇಷ್ಟ್ರು ಒಳ್ಳೇವ್ರೇ, ಆದ್ರೂ ಹಾಕ್ತೀನಿ."

ಮಗುವಿನ ಎದೆಬಡಿತ ಕೇಳಲು ನಾನು ಅವಳ ಹೊಟ್ಟೆಯ ಮೇಲೆ ಕಿವಿಗೊಳವೆ ಇಟ್ಟೆ. ಟಕಟಕ ಎಂದು, ಚಿಕ್ಕ ಕುದುರೆಯೊಂದು ಓಡಿದ ಹಾಗೆ, ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿ ಕೇಳಿಸಿಕೊಂಡೆ.

"ನೀವೇ ಹೇಳಿ ಡಾಕ್ಟ್ರಮ್ಮ, ಅಂಥೋಳನ್ನ ಸರ್ಕಾರದೋರು ಎಲ್ಲಾದ್ರೂ ದೂರ ಎತ್ತಿ ಹಾಕ್ಬಾರ್ದಾ?"

"ಹಾಕಿದಾರಮ್ಮ," ಎಂದೆ. "ಸ್ವಲ್ಪ ಮಾತು ನಿಲ್ಸು, ಎದೆಬಡಿತ ಎಣಿಸ್ಬೇಕು."